ಬಹಳವೂ ಅತಿಯೂ

ನೆಂಟರ ಮನೆಯಲ್ಲಿ ಪಾಯಸವನ್ನು ಸವಿದು “ಬಹಳ ಸಿಹಿ” ಎಂದೆವಾದರೆ, ಅದು ಮೆಚ್ಚಿಗೆಯೋ ಆಕ್ಷೇಪಣೆಯೋ ಎಂಬುದನ್ನು ಮನೆಯೊಡತಿಯು ನಮ್ಮ ಮುಖವನ್ನು ನೋಡಿಯೇ ತಿಳಿಯಬೇಕು. ಕನ್ನಡದ ‘ಬಹಳ’, ‘ತುಂಬ’ ಎಂಬ ಮಾತುಗಳು ಎರಡು ಕೆಲಸಗಳನ್ನೂ ಮಾಡಬಲ್ಲವು. ಜಪಾನೀ ಭಾಷೆಯಲ್ಲಾದರೋ ಇವೆರಡರ ನಡುವೆ ಬೇಲಿಯುಂಟು. ಆ ಭಾಷೆಯ ಮೊದಲ ಪಾಠಗಳನ್ನು ಮುಗಿಸಿ ಮುಂದಣ ಮೆಟ್ಟಿಲನ್ನೇರುತ್ತಿರುವ ನಮ್ಮ ತರುಣ ತರುಣಿಯರು ಇಲ್ಲಿ ಎಡವುವ ಸಂಭವವುಂಟಾದುದರಿಂದ, ಈ ವಿಷಯವನ್ನು ಕೊಂಚ ವಿಚಾರಿಸೋಣ.

‘ಸುಗಿರು’ ಎಂಬ ಜಪಾನೀ ಕ್ರಿಯಾಪದಕ್ಕೆ ದಾಟು, ಕಳೆ, ಮೀರು ಎಂದರ್ಥ. ಕಾಲವು ಕಳೆದುಹೋಗುವುದನ್ನು ಹೇಳುವುದಕ್ಕೂ ಇದೇ ಪದ. ಇದು ಬೇರೊಂದು ಪದದ ಕೊನೆಗೆ ಸೇರಿದಾಗ ‘ಮಿತಿ ಮೀರಿತು’ ಎಂಬ ಭಾವವು ಹುಟ್ಟುವುದು. ನಾವು ‘ಮಿತಿಮೀರಿ ತಿಂದನು’ ಎಂದು ಮೀರುವುದನ್ನು ಮುಂದೆ ಇಡುವೆವು. ಅವರು ಅದನ್ನು ಹಿಂದೆ ಇಡುವರು.

ಸೇರಿಸುವ ಕ್ರಮವು ಕಷ್ಟವಲ್ಲ. ‘ತಬೆಮಸು’ ಎಂದರೆ ತಿನ್ನುವೆನು. ಅದರಲ್ಲಿ ‘ಮಸು’ವನ್ನು ಕಳೆದು ‘ತಬೆಸುಗಿರು’ ಎಂದರೆ ಅತಿಯಾಗಿ ತಿನ್ನುವುದು. ಹಾಗೆಯೇ ಕುಡಿಯುವ ‘ನೊಮಿಮಸು’ವಿನಿಂದ ‘ನೊಮಿಸುಗಿರು’. ಗುಣವಾಚಕಗಳಲ್ಲಿ ಎರಡು ಬಗೆ. ‘ತಕಯಿ’ ಎಂದರೆ ಬೆಲೆ ಹೆಚ್ಚಿನದು. ಇಂತಹ ಪದದ ಕೊನೆಯ ಇಕಾರವನ್ನು ಬಿಟ್ಟು ‘ತಕಸುಗಿರು’ ಎನ್ನಬೇಕು. ಸದ್ದಿಲ್ಲದ್ದು ಎಂಬರ್ಥದ ‘ಶಿಜುಕ’ದಂತಹ ಪದಕ್ಕೆ ಏನನ್ನೂ ಬಿಡದೆ ‘ಶಿಜುಕಸುಗಿರು’ ಎಂದರೆ ಸಾಕು. ಒಳ್ಳೆಯದೆಂಬ ‘ಈ’ ಎಂಬುದು ‘ಯೊಸುಗಿರು’ ಎಂದೂ, ಇಲ್ಲವೆಂಬ ‘ನಯಿ’ ಎಂಬುದು ‘ನಸಸುಗಿರು’ ಎಂದೂ ಆಗುವುದನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳತಕ್ಕದ್ದು. ಹೀಗೆ ಕೂಡಿದ ಪದವೆಲ್ಲವೂ ಮುಂದೆ ‘ತಬೆರು’ವಿನಂತೆಯೇ ರೂಪವನ್ನು ಪಡೆಯುವುದು: ‘ತಬೆಸುಗಿಮಸು’, ‘ತಬೆಸುಗಿತ’. ‘ತಬೆಸುಗಿ’ ಎಂದು ನಿಲ್ಲಿಸಿದರೆ ಅತಿಭೋಜನವೆಂಬ ನಾಮಪದವೇ ಆಯಿತು.

ರೂಪವನ್ನು ಕಲಿತ ಮಾತ್ರಕ್ಕೆ ಕಲಿಕೆಯು ಮುಗಿಯದು. ಜಪಾನೀಯರ ಮನೆಯಲ್ಲಿ ಅತಿಥಿಯಾದವನು ಸಿಹಿತಿಂಡಿಯನ್ನು ಹೊಗಳಬೇಕೆಂದು “ಅಮಸುಗಿಮಸು” ಎಂದನೆನ್ನೋಣ. ಅವನ ಮನಸ್ಸಿನಲ್ಲಿದ್ದುದು ‘ಬಹಳ ಸಿಹಿ’. ಮನೆಯವರಿಗೆ ಕೇಳಿಸಿದುದು ‘ಸಿಹಿ ಅತಿಯಾಯಿತು’. ಆದರದಿಂದ ಬಡಿಸಿದ ಕೈಗೆ ಇದಕ್ಕಿಂತ ನೋವುಂಟೆ? ಅಲ್ಲಿ ಸಲ್ಲುವುದು ‘ತೊತೆಮೊ’, ಎಂದರೆ ಬಹಳ, ಎಂಬ ಪದ. “ತೊತೆಮೊ ಒಯಿಶೀ”, ಬಹಳ ರುಚಿ, ಎಂದರೆ ಎಲ್ಲರಿಗೂ ಸಂತೋಷ. ಅಂಗಡಿಯಲ್ಲಿ ಇದರ ತಿರುವುಮುರುವು. ಅಂಗಿ ದೊಡ್ಡದಾಗಿ ಬೇಡವೆನಿಸಿದಾಗ “ತೊತೆಮೊ ಓಕೀ” ಎಂದರೆ ಬಹಳ ದೊಡ್ಡದೆಂಬ ವರ್ಣನೆಯಾಯಿತೇ ಹೊರತು ಬೇಡವೆಂಬುದು ಸ್ಪಷ್ಟವಾಗದು. “ಚೊತ್ತೊ ಓಕಿಸುಗಿಮಸು”, ಸ್ವಲ್ಪ ದೊಡ್ಡದಾಯಿತು, ಎಂದರೆ ಅರ್ಥವೂ ತಿಳಿಯುವುದು, ಮರ್ಯಾದೆಯೂ ಉಳಿಯುವುದು. ಇತ್ತೀಚೆಗೆ ಆ ನಾಡಿನ ತರುಣರು ಮುದ್ದಾದುದನ್ನು ಕಂಡು “ಕವಾಯಿಸುಗಿರು” ಎಂದು ಹೊಗಳುವುದೂ ಉಂಟು. ಅದು ಗೆಳೆಯರ ಸಲುಗೆಯ ಮಾತು; ಹೊಸದಾಗಿ ಕಲಿಯುವವರು ಹಿರಿಯರೆದುರಿಗೆ ಅದನ್ನು ಆಡದಿರುವುದೇ ಲೇಸು.

ಅತಿಯನ್ನು ಗುರುತಿಸುವ ವಿವೇಕವು ಆ ನಾಡಿನ ಊಟದ ಪದ್ಧತಿಯಲ್ಲಿಯೂ ಕಾಣುವುದು. 1713ರಲ್ಲಿ ಕೈಬರ ಎಕಿಕೆನ್ ಎಂಬ ಪಂಡಿತನು ತನ್ನ ಮುಪ್ಪಿನಲ್ಲಿ ಬರೆದ ‘ಯೋಜೋಕುನ್’ ಎಂಬ ಆರೋಗ್ಯಗ್ರಂಥದಲ್ಲಿ ಊಟದ ಮಿತಿಯನ್ನು ಬಹುವಾಗಿ ಬೋಧಿಸಿರುವನು. ಹೊಟ್ಟೆಯ ಹತ್ತು ಪಾಲಿನಲ್ಲಿ ಎಂಟನ್ನು ಮಾತ್ರ ತುಂಬಬೇಕೆಂಬ ನಾಣ್ಣುಡಿಯೂ ಅಲ್ಲಿ ಬಳಕೆಯಲ್ಲಿದೆ. ಅತಿಯಾದರೆ ಅಮೃತವೂ ವಿಷವೆನ್ನುವ ನಮಗೆ ಇದು ಹೊಸತಲ್ಲ.

ಆದುದರಿಂದ ಮನೆಯಲ್ಲಿ ಜಪಾನೀ ಕಲಿಯುವ ಮಕ್ಕಳಿದ್ದರೆ ಊಟದ ಹೊತ್ತೇ ಅವರಿಗೆ ಪಾಠವಾಗಲಿ. ಸಾರಿಗೆ ಉಪ್ಪು ಮುಂದಾದಾಗ ‘ಸುಗಿರು’ ಎನ್ನಲಿ. ಹದವಾಗಿ ರುಚಿಗೂಡಿದಾಗ ‘ತೊತೆಮೊ’ ಎನ್ನಲಿ. ಯಾವಾಗ ಯಾವುದೆಂಬುದನ್ನು ಅಡಿಗೆ ಮಾಡಿದವರೇ ತಿದ್ದಿಕೊಡುವರು.