ಕಲ್ಲಿನ ಸೀಮೆಯಲ್ಲಿ ಮರಗೆಲಸ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ಹಳೆಯ ಮನೆಗಳಲ್ಲಿ ನೆಲ, ಗೋಡೆ, ಗೂಡಿನ ಹಲಗೆ ಎಲ್ಲವೂ ಕಲ್ಲೇ. ನೆಲದಡಿಯ ಸುಣ್ಣಕಲ್ಲು ಪದರು ಪದರಾಗಿ ಏಳುವುದರಿಂದ ಅದಕ್ಕೆ ಬರವಿಲ್ಲ, ಮರ ಹಾಗಲ್ಲ. ಚಿಂಚೋಳಿಯಲ್ಲಿ ಕಾಡುಂಟು, ನಿಜ. ಆದರೆ 2011ರಲ್ಲಿ ಅದು ವನ್ಯಜೀವಿಧಾಮವಾಯಿತು. ಅಲ್ಲಿಯ ಮರ ಕಣ್ಣಿಗಷ್ಟೇ. ಆದುದರಿಂದ ಮಕ್ಕಳ ಓದಿಗೊಂದು ಮೇಜನ್ನು ತಾವೇ ಮಾಡಹೊರಟ ಗೃಹಸ್ಥರಿಗೆ ಒಂದು ಹಲಗೆ ಕೆಟ್ಟರೂ ನಷ್ಟವೇ.

ಹಲಗೆಗೆ ಇಲ್ಲಿಯ ಬಿಸಿಲೇ ಶತ್ರು. ಬೇಸಗೆಯ ಉಷ್ಣಮಾನ 40 ಡಿಗ್ರಿ ದಾಟುತ್ತದೆ. ಹಸಿಮರ ಒಣಗುವಾಗ ಉದ್ದದಲ್ಲಿ ಕುಗ್ಗುವುದು ತೀರ ಅಲ್ಪ, ಅಗಲದಲ್ಲಿ ಬಹಳ. ಸುತ್ತಲೂ ಮೊಳೆ ಹೊಡೆದು ಬಿಗಿದ ಹಲಗೆ ಕುಗ್ಗಲು ಎಡೆಯಿಲ್ಲದೆ ಒಂದು ರಾತ್ರಿ 'ಟಪ್' ಎಂದು ಸೀಳುತ್ತದೆ. ಗಾಳಿಯಲ್ಲಿ ಒಣಗಿಸಲು 1 ಅಂಗುಲ ದಪ್ಪಕ್ಕೆ 1 ವರ್ಷವೆಂಬುದು ಹಳೆಯ ಲೆಕ್ಕ. ಅಷ್ಟು ತಾಳ್ಮೆ ಯಾರಿಗುಂಟು? ಹಳೆಯ ಮನೆ ಕೆಡಹಿದಾಗ ಸಿಗುವ ಸಾಗುವಾನಿ ತೊಲೆ, ಚೌಕಟ್ಟುಗಳೇ ಲೇಸು; ಅವುಗಳ ಕುಗ್ಗಾಟ ಎಂದೋ ಮುಗಿದಿರುತ್ತದೆ. ಗರಗಸ ಹಾಕುವ ಮುನ್ನ ಹಳೆಯ ಮೊಳೆಗಳನ್ನು ಹುಡುಕಿ ಕಿತ್ತರಾಯಿತು.

ಮೇಲ್ಹಲಗೆಯ ಬದಲು ಶಹಾಬಾದ್ ಕಲ್ಲನ್ನೇ ಹಾಸಿದರೆ ಸೀಳುವ ಚಿಂತೆಯೇ ಇಲ್ಲ. ಆದರೆ 3 ಅಡಿ ಉದ್ದ, 2 ಅಡಿ ಅಗಲ, 1 ಅಂಗುಲ ದಪ್ಪದ ಕಲ್ಲು ಸುಮಾರು 37 ಕಿಲೋ ತೂಗುತ್ತದೆ. ಮೊಳೆಯನ್ನೇ ನಂಬಿದ ಕಾಲುಗಳು ಆ ಭಾರಕ್ಕೆ ಓಲಾಡತೊಡಗುತ್ತವೆ. ಕೆಳಗೆ ಮಗು ಆಡುತ್ತಿರಬಹುದು. ಅಡ್ಡಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ, ಕಾಲಿನಲ್ಲಿ ಉಳಿಯಿಂದ ಕೊರೆದ ತೂತಿಗೆ ಕೊಡತಿಯಿಂದ ಬಡಿದು ಕೂಡಿಸಬೇಕು. ಕಲ್ಲು ಜಾರದಂತೆ ಸುತ್ತ ಪಟ್ಟಿ ಕೊಟ್ಟರೆ ಸಾಕು, ಅಂಟು ಬೇಡ. ಮೇಜನ್ನು ಸರಿಸುವಾಗ ಮೊದಲು ಕಲ್ಲನ್ನು ಇಳಿಸಬೇಕಾಗುತ್ತದೆ; ಆ ಕೆಲಸಕ್ಕೆ ಇಬ್ಬರು ಬೇಕು.