ಕರಿಕಾನಿನ ಕೆಳಗಿನ ಧೂಪದ ಸೀಮೆ

ಗುಗ್ಗುಳ ಮರುಭೂಮಿಯ ಗಿಡ. ರಾಜಸ್ಥಾನ, ಕಛ್‌ಗಳ ಒಣನೆಲದಲ್ಲೂ ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳಲ್ಲೂ ಆಳೆತ್ತರಕ್ಕೆ ಬೆಳೆಯುವ ಮುಳ್ಳುಪೊದೆ. ಟೊಂಗೆ ನೆಟ್ಟರೆ ಚಿಗುರುತ್ತದೆ, ಆದರೆ ಅಂಟು ಕೊಡುವಷ್ಟು ಬಲಿಯಲು ಎಂಟು ಹತ್ತು ವರ್ಷ ಬೇಕು. ಎಳೆಯ ಗಿಡಕ್ಕೂ ಆಳವಾಗಿ ಕಚ್ಚು ಹಾಕಿ ಹಾಕಿ ಇಂದು ಅದನ್ನು ಅಳಿವಿನ ಅಂಚಿಗೆ ತಂದಿದ್ದೇವೆ. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಭಟ್ಕಳ, ಹೊನ್ನಾವರ, ಕುಮಟಾಗಳ ಜಂಬಿಟ್ಟಿಗೆ ನೆಲ ಅದಕ್ಕೆ ಒಗ್ಗದು. ಈ ಮೂರು ತಾಲ್ಲೂಕುಗಳಿಗೆ ಧೂಪ ಕೊಡಲು ಬೇರೆಯೇ ಮರಗಳಿವೆ.

ಗಿಡ ಒಗ್ಗದಿದ್ದರೂ ವ್ಯಾಪಾರದ ಮೂಲಕ ಮರುಭೂಮಿಯ ನಂಟು ಇದ್ದದ್ದು ಭಟ್ಕಳಕ್ಕೆ. ಶರಾಬಿ ಹೊಳೆಯ ಬಂದರಿಗೆ ಹೊರ್ಮುಜ್‌ನಿಂದ ಕುದುರೆ, ಮುತ್ತು ಬರುತ್ತಿದ್ದವು. ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೋಗುತ್ತಿದ್ದವು ಎಂದು ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ 16ನೇ ಶತಮಾನದ ಆರಂಭದಲ್ಲೇ ದಾಖಲಿಸಿದ. ಭಟ್ಕಳದ ನವಾಯತ ಮುಸ್ಲಿಮರು ಇಂದಿಗೂ ದುಡಿಯಲು ಹೋಗುವುದು ಅದೇ ಕೊಲ್ಲಿ ಸೀಮೆಗೆ. ಒಮಾನಿನ ಧೋಫಾರ್ ಗುಡ್ಡಗಳ ಕುರುಚಲು ಮರದ ಸುಗಂಧದ ಅಂಟಿಗೂ ಆ ಕಡಲಲ್ಲಿ ಶತಮಾನಗಳ ವ್ಯಾಪಾರವಿತ್ತು.

ನಮ್ಮದೇ ಧೂಪವನ್ನು ನೋಡಬೇಕೆಂದರೆ ಹೊನ್ನಾವರದ ಕರಿಕಾನ ಪರಮೇಶ್ವರಿಯ ಗುಡ್ಡ ಹತ್ತಬೇಕು. ಗುಡಿಯ ಆಸುಪಾಸಿನ ಕಾನಿನಲ್ಲಿ ಧೂಮದ ಮರಗಳು ಕಂಬದಂತೆ ನೆಟ್ಟಗೆ ನಿಂತಿವೆ. ಪಶ್ಚಿಮ ಘಟ್ಟದಲ್ಲಿ ಈ ಜಾತಿಯ ಉತ್ತರದ ಗಡಿ ಇರುವುದು ಈ ಸೀಮೆಯಲ್ಲೇ. ಸುತ್ತಲಿನ ಗುಡ್ಡಗಳು ಕುಮರಿ ಬೇಸಾಯಕ್ಕೆ, ಮರಮಟ್ಟಿಗೆ ಬರಿದಾದವು. ದೇವಿಯ ಹೆಸರಿಗೆ ಬಿಟ್ಟ ಕಾನಿಗೆ ಮಾತ್ರ ಕೊಡಲಿ ಹೋಗಲಿಲ್ಲ. ಇಂಥ ಕಾನುಗಳ ಚರಿತ್ರೆಯನ್ನು ಸಸ್ಯವಿಜ್ಞಾನಿ ಎಂ.ಡಿ. ಸುಭಾಷ್ ಚಂದ್ರನ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ.

ಧೂಮಕ್ಕಿಂತ ಹೆಚ್ಚು ಬಳಕೆಯಾದದ್ದು ಹಾಲುಮಡ್ಡಿ. ತೊಗಟೆಗೆ ಗಾಯವಾದರೆ ಹಾಲಿನಂಥ ರಸ ಒಸರಿ, ಗಾಳಿಗೆ ಗಟ್ಟಿಯಾಗಿ, ಕೈಗೆ ಅಂಟುವ ಮೆತ್ತನೆಯ ಮಡ್ಡಿಯಾಗುತ್ತದೆ. ಅದು ತೇವ ಹೀರಿಕೊಳ್ಳುವುದರಿಂದಲೇ ಜೇನು ಬೆರೆಸಿದ ಮಸಾಲೆ ಊದುಬತ್ತಿ ಒಣಗಿ ಉದುರದೆ ಹಸಿಯಾಗಿ ಉಳಿಯುತ್ತಿತ್ತು. ಬೇಡಿಕೆ ಏರಿದಾಗ ಸಿಕ್ಕಾಪಟ್ಟೆ ಕಡಿದರು, ಮರಗಳು ಸತ್ತವು. 1990ರ ದಶಕದ ಹೊತ್ತಿಗೆ ಅರಣ್ಯ ಇಲಾಖೆ ನಿಯಂತ್ರಣ ಹೇರಬೇಕಾಯಿತು. ಮರಳುಗಾಡಿನ ಗುಗ್ಗುಳಕ್ಕೆ ಆದದ್ದೇ ಮಳೆಕಾಡಿನ ಮಡ್ಡಿಗೂ ಆಯಿತು. ಮೆದು ಮರವೆಂದು ಬೆಂಕಿಕಡ್ಡಿ, ಪ್ಲೈವುಡ್‌ಗೆ ಹೋದದ್ದು ಬೇರೆ.

ಸಾಲುಧೂಪದ ಕಥೆ ಇಷ್ಟು ಕಠೋರವಲ್ಲ. ದಕ್ಷಿಣದ ಕರಾವಳಿಯಲ್ಲಿ ಹಿಂದಿನವರು ರಸ್ತೆಯ ಇಕ್ಕೆಲಕ್ಕೂ ಅದನ್ನು ನೆಟ್ಟರು. ಅದರ ರಾಳ ಧೂಪಕ್ಕೂ ವಾರ್ನಿಷ್‌ಗೂ ಬಂತು, ಬೀಜದ ಕೊಬ್ಬು ಸಾಬೂನು, ಮೇಣದಬತ್ತಿಗೆ ಹೋಯಿತು. ಮರ ಕಡಿಯದೆ ಬೀಜ ಆರಿಸಿಕೊಂಡೇ ಹಣ ಕಾಣಬಹುದಾದ ಮರವಿದು.

ಹೀಗಿರುವಾಗ ಈ ತಾಲ್ಲೂಕುಗಳ ಗುಡ್ಡಗುಡ್ಡಗಳಲ್ಲಿ ಅಕೇಶಿಯಾ ನೆಟ್ಟದ್ದು ನನಗೆ ನೋವಿನ ಸಂಗತಿ. ಅದರಡಿ ಬೇರೇನೂ ಸಲೀಸಾಗಿ ಏಳುವುದಿಲ್ಲ. ಅಡಿಕೆ ತೋಟದವರ ಸೊಪ್ಪಿನ ಬೆಟ್ಟಗಳಲ್ಲಿ ಹಾಲುಮಡ್ಡಿಗೆ, ಕಾನಿನ ಅಂಚಿನ ತಂಪಲ್ಲಿ ಸಾಲುಧೂಪಕ್ಕೆ ಧಾರಾಳ ಜಾಗವಿದೆ. ಹಾಲುಮಡ್ಡಿ ಬೇಗ ಎತ್ತರವಾಗುವ ಜಾತಿ. ರೆಕ್ಕೆಯ ಬೀಜವನ್ನು ಬೇಸಿಗೆಯಲ್ಲಿ ಆರಿಸಿ ತಡಮಾಡದೆ ಬಿತ್ತಬೇಕು. ಸಾಲುಧೂಪದ ಕಾಯಿ ಉದುರುವುದು ಮಳೆ ಹಿಡಿಯುವ ಹೊತ್ತಿಗೆ. ಒಣಗಿಸಿ ಇಟ್ಟರೆ ಬೀಜ ಸಾಯುತ್ತದೆ, ಬಿದ್ದ ವಾರದೊಳಗೆ ನೆರಳಲ್ಲಿ ಊರಬೇಕು. ಹಾಗಾಗಿ ನರ್ಸರಿಯ ಚೀಲಕ್ಕೆ ಮಣ್ಣು ತುಂಬಿಸುವ ಕೆಲಸ ಮೇ ತಿಂಗಳಲ್ಲೇ ಮುಗಿದಿರಬೇಕು.