ಬೀಸಣಿಗೆ ಗಂಟಲಿನ ಓತಿಕ್ಯಾತ: ಹೊಸ ಜಾತಿ ಗುರುತಿಸುವುದು ಹೇಗೆ?

ನಮ್ಮದು ಎಂಟು ಎಕರೆ ಒಣಬೇಸಾಯ. ಆರು ಎಕರೆ ಎರೆ ಹೊಲ. ಹಿಂಗಾರಿ ಜೋಳ, ಕಡಲೆ ಬೆಳೆಯುತ್ತೇವೆ. ಉಳಿದ ಎರಡು ಎಕರೆ ಗರಸು ಮಡ್ಡಿ. ಕಲ್ಲು, ಒಣಹುಲ್ಲು, ನಾಲ್ಕು ಬೋರೆ ಗಿಡ ಬಿಟ್ಟರೆ ಅಲ್ಲಿ ಏನೂ ಇಲ್ಲ ಅಂತಲೇ ನನ್ನ ತಿಳುವಳಿಕೆ. ಹೋದ ಬೇಸಿಗೆ ಮಗ ಜೆಸಿಬಿ ತರಿಸಿ ಮಡ್ಡಿ ಸಮ ಮಾಡೋಣ, ಗೋವಿನಜೋಳ ಹಾಕೋಣ ಎಂದ. ನಾನೂ ಹೂಂ ಅಂದಿದ್ದೆ.

ಅದೇ ವಾರ ಮಡ್ಡಿಗೆ ಹೋದರೆ ಕಾಲೇಜು ಹುಡುಗಿಯೊಬ್ಬಳು ಕ್ಯಾಮೆರಾ ಹಿಡಿದು ಬೋರಲು ಮಲಗಿದ್ದಳು. "ಏನವ್ವಾ, ಏನರ ಕಳಕೊಂಡೀ?" ಎಂದೆ. ಆಕೆ ಸುಮ್ಮನಿರಿ ಅಂತ ಸನ್ನೆ ಮಾಡಿ ಒಂದು ಕಲ್ಲು ತೋರಿಸಿದಳು. ಕಲ್ಲಿನ ಮೇಲೆ ಓತಿಕ್ಯಾತ. ಗಂಟಲ ಕೆಳಗಿನ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚುತ್ತಿತ್ತು, ಮುಚ್ಚುತ್ತಿತ್ತು. ನೀಲಿ, ಕಪ್ಪು, ಕೇಸರಿ ಮೂರೂ ಬಣ್ಣ. ಸಣ್ಣವನಿದ್ದಾಗ ಇಂಥವಕ್ಕೆ ಕಲ್ಲು ಹೊಡೆದವನು ನಾನು. ಇಷ್ಟು ವರ್ಷದಲ್ಲಿ ನಿಂತು ನೋಡಿದ್ದು ಅದೇ ಮೊದಲು.

"ಕಾಕಾ, ಇದರ ಹಿಂಗಾಲಿನ ಬೆರಳು ಎಣಿಸ್ರಿ" ಎಂದು ಫೋಟೋ ದೊಡ್ಡದು ಮಾಡಿ ತೋರಿಸಿದಳು. ನಾಲ್ಕೇ ಇದ್ದವು! ಬೇಲಿ ಮೇಲಿನ ಓತಿಕ್ಯಾತಕ್ಕೆ ಐದು. ಬೀಸಣಿಗೆ ಬಿಚ್ಚುವುದು ಗಂಡು. ಹೆಣ್ಣನ್ನು ಕರೆಯಲಿಕ್ಕೆ, ಇನ್ನೊಂದು ಗಂಡನ್ನು ಹೆದರಿಸಲಿಕ್ಕೆ. ಮಳೆ ಬಿದ್ದ ಮೇಲೆ ಹೆಣ್ಣು ಮಣ್ಣಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಗೆದ್ದಲು, ಇರುವೆ, ಸಣ್ಣ ಮಿಡತೆ ಇವುಗಳ ಊಟ.

ಹೊಸ ಜಾತಿ ಅಂದರೆ ದಟ್ಟ ಕಾಡಿನಲ್ಲೇ ಸಿಗುತ್ತದೆ ಅಂತ ನಾನು ತಿಳಿದಿದ್ದೆ. ಈ ಓತಿಕ್ಯಾತಗಳ ಕತೆ ಬೇರೆ. ಇವು ಇರುವುದೇ ಬಯಲಿನಲ್ಲಿ, ಕುರುಚಲಿನಲ್ಲಿ, ನಮ್ಮಂಥವರ ಮಡ್ಡಿಯಲ್ಲಿ. ಎಲ್ಲರ ಕಣ್ಣಿಗೂ ಬೀಳುತ್ತಿದ್ದ ಇವುಗಳಲ್ಲೇ 2016ರಲ್ಲಿ ಒಮ್ಮೆಗೆ ಐದು ಹೊಸ ಜಾತಿ ಗುರುತಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ದೀಪಕ್, ಪ್ರವೀಣ್ ಕಾರಂತ್, ಜೊತೆಗೆ ವರದ ಗಿರಿ ಮೊದಲಾದವರು ಮಾಡಿದ ಕೆಲಸ ಅದು.

ಹೊಸದು ಅಂತ ಹೇಗೆ ಗೊತ್ತಾಗುತ್ತದೆ? ನಮ್ಮ ಜೋಳವನ್ನೇ ನೋಡಿ. ಪೇಟೆಯವರಿಗೆ ಎಲ್ಲವೂ ಬಿಳಿ ಜೋಳ. ನಮ್ಮ ಮುತ್ಯಾ ತೆನೆ ಕೈಯಲ್ಲಿ ಹಿಡಿದು ಇದು ಮಾಲ್ದಂಡಿ, ಇದು ಅಳ್ಳಿನ ಜೋಳ ಅಂತಿದ್ದ. ಜೋಳದಲ್ಲಿ ಅವು ತಳಿಗಳು, ಓತಿಕ್ಯಾತದಲ್ಲಿ ಇವು ಬೇರೆ ಬೇರೆ ಜಾತಿಗಳೇ. ಆದರೆ ಹಿಡಿದು ಹೋಲಿಸಿ ನೋಡುವ ಕೆಲಸ ಎರಡಕ್ಕೂ ಒಂದೇ.

ಮೊದಲು ಊರೂರು ತಿರುಗಿ, ಅರಣ್ಯ ಇಲಾಖೆಯ ಅನುಮತಿ ಪಡೆದು ಮಾದರಿ ಕೂಡಿಸುತ್ತಾರೆ. ಮೈಯುದ್ದ, ತಲೆಯ ಅಗಲ, ಬೀಸಣಿಗೆ ಎಲ್ಲಿವರೆಗೆ ಬರುತ್ತದೆ, ಎಲ್ಲ ಅಳೆಯುತ್ತಾರೆ. ಮೈಮೇಲಿನ ಹುರುಪೆ ಸಾಲು ಸಾಲಾಗಿ ಎಣಿಸುತ್ತಾರೆ. ಆಮೇಲೆ ಡಿ.ಎನ್.ಎ. ಪರೀಕ್ಷೆ. ನೋಡಲು ಒಂದೇ ತರಹ ಇದ್ದರೂ ವಂಶ ಯಾವಾಗಲೋ ಬೇರೆಯಾಗಿದ್ದರೆ ಅದರಲ್ಲಿ ಗೊತ್ತಾಗುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಹಿಂದೆ ಯಾರಾದರೂ ಹೆಸರಿಟ್ಟಿದ್ದಾರೋ ಅಂತ ಹಳೇ ದಾಖಲೆ ತೆಗೆಯಬೇಕು. ಜಮೀನು ಕೊಳ್ಳುವಾಗ ಹಳೇ ಉತಾರ ತೆಗೆಸಿದ ಹಾಗೆ. 1870ರಲ್ಲೇ ಜೆರ್ಡನ್ ಎಂಬವರು ಒಂದಕ್ಕೆ ಡೆಕ್ಕನೆನ್ಸಿಸ್ ಅಂತ ಹೆಸರಿಟ್ಟಿದ್ದರು. ಅದನ್ನು ಹೊಸದು ಅನ್ನುವ ಹಾಗಿಲ್ಲ. ಯಾವುದೂ ಹೊಂದದಿದ್ದರೆ ಮಾತ್ರ ಒಂದು ಮಾದರಿಯನ್ನು ಸಂಗ್ರಹಾಲಯದಲ್ಲಿಟ್ಟು, ವಿವರ ಬರೆದು, ಹೆಸರು ಕೊಟ್ಟು ಅಚ್ಚು ಹಾಕಿಸುತ್ತಾರೆ. ಮುಂದೆ ತಕರಾರು ಬಂದರೆ ಆ ಮಾದರಿಯೇ ಸಾಕ್ಷಿ.

ದೊಡ್ಡ ಬೀಸಣಿಗೆಯ ಗುಂಪಿಗೆ ಸರಡಾ ಎಂದು ಹೆಸರಿಟ್ಟರು. ಮರಾಠಿಯಲ್ಲಿ ಓತಿಕ್ಯಾತಕ್ಕೆ ಅನ್ನುವುದೇ ಹಾಗೆ. ಇನ್ನೊಂದು ಜಾತಿಗೆ ತಮಿಳಿನ ವಿಸಿರಿ, ಅಂದರೆ ಬೀಸಣಿಗೆ, ಎಂದಿಟ್ಟರು. ಹಳ್ಳಿಯ ಮಾತೇ ವಿಜ್ಞಾನದ ಹೆಸರಾಯಿತು!

ಆ ಐದರಲ್ಲಿ ಸರಡಾ ಸುಪರ್ಬಾ ಸಿಕ್ಕಿದ್ದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳಕೇವಾಡಿ ಪಠಾರದಲ್ಲಿ. ಅಲ್ಲಿ ಗಾಳಿಯಂತ್ರಗಳಿವೆ. 2018ರಲ್ಲಿ ಮರಿಯಾ ಥಾಕರ್ ಮತ್ತು ಜೊತೆಯವರು ಅಲ್ಲಿನ ಅಧ್ಯಯನ ಪ್ರಕಟಿಸಿದರು. ಯಂತ್ರವಿದ್ದ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕರಲ್ಲಿ ಒಂದು ಪಾಲಿಗೆ ಇಳಿದಿದ್ದವು, ಓತಿಕ್ಯಾತ ಹೆಚ್ಚಿದ್ದವು. ಒಳ್ಳೇದಾಯಿತಲ್ಲ ಅನ್ನಬೇಡಿ. ಅವು ಬಡಕಲಾಗಿದ್ದವು, ಗಂಡಿನ ಬಣ್ಣ ಮಂಕಾಗಿತ್ತು, ಮನುಷ್ಯ ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ. ಮೇಲಿನ ಒಂದು ಕೊಂಡಿ ಕಳಚಿದರೆ ಕೆಳಗಿನದೂ ಬದಲಾಗುತ್ತದೆ. ಜಾತಿ ಗುರುತಿಸಿ ಇಟ್ಟಿದ್ದರಿಂದ ಇದು ಇಂಥ ಪ್ರಾಣಿಗೆ ಆಯಿತು ಅಂತ ಹೇಳಲು ಬಂತು. ಹೆಸರಿಲ್ಲದ್ದು ಹೋದರೆ ಹೋಯಿತು ಅನ್ನಲಿಕ್ಕೂ ಯಾರಿಲ್ಲ.

ಈ ಮಾತು ಮಗನಿಗೆ ಹೇಳಿದೆ. "ಓತಿಕ್ಯಾತ ಸಾಲಾ ತೀರಸ್ತೈತೇನಪ್ಪಾ?" ಎಂದ. ತೀರಿಸುವುದಿಲ್ಲ, ಖರೆ. ಕೊನೆಗೆ ಕೆಳಗಿನ ಅರ್ಧ ಎಕರೆ ಸಮ ಮಾಡಿಸಿದೆವು, ಮೇಲಿನ ಒಂದೂವರೆ ಎಕರೆ ಬಿಟ್ಟೆವು. ಅಲ್ಲಿ ಆಡು ಮೇಯುತ್ತವೆ. ಅಷ್ಟು ಗೋವಿನಜೋಳ ಹೋಯಿತು, ಅಷ್ಟಕ್ಕೆ ಜೆಸಿಬಿ ಬಾಡಿಗೆಯೂ ಉಳಿಯಿತು.

ನಿಮ್ಮಲ್ಲೂ ಮಡ್ಡಿ ಇದ್ದೀತು. ದಾಖಲೆಯಲ್ಲಿ ಅದು ಖರಾಬು. ಕಲ್ಲು ಕೀಳುವ ಮೊದಲು, ಹುಲ್ಲಿಗೆ ಬೆಂಕಿ ಇಡುವ ಮೊದಲು, ಒಂದು ಬೇಸಿಗೆ ಬೆಳಿಗ್ಗೆ ಹೋಗಿ ಅರ್ಧ ತಾಸು ಸುಮ್ಮನೆ ಕೂತು ನೋಡಿ. ಹಿಡಿಯಬೇಡಿ. ಕಂಡದ್ದನ್ನು ತಾರೀಖು ಹಾಕಿ ಬರೆದಿಡಿ. ಆಮೇಲೆ ಜೆಸಿಬಿ ಕರೆಯುವುದೋ ಬಿಡುವುದೋ, ನಿಮಗೆ ಬಿಟ್ಟದ್ದು.